ಹೂಜಿಗೆ ಹೊಂದಿಸಿದ ಕಿವಿ ಮಿಷನ್

ಪೇಟೆಯ ಪಾತ್ರೆ ಅಂಗಡಿಯವರು ನಮ್ಮ ಅಂಗಳಕ್ಕೆ ಬಂದು ಒಂದು ನೀರಿನ ಹೂಜಿಯನ್ನು ಜಗಲಿಯ ಮೇಲೆ ಇಟ್ಟರು. ಇಟ್ಟ ಜಾಗದಲ್ಲಿ ನೋಡನೋಡುತ್ತಲೇ ನೀರು ಹರಡಿತು.

“ಇದು ಬೆವರೋದಲ್ಲ ಯಜಮಾನರೇ, ಸೋರೋದು,” ಎಂದರು. “ಹೋದ ಸಲವೂ ಹೀಗೇ ಆಯ್ತು. ನಿಮ್ಮ ಮನೆಯವರು ತಟ್ಟಿ ನೋಡಿದ್ದು ಅಂದ್ರೆ ಕಣ್ಣು ಮುಚ್ಚಿ ಒಯ್ತಿದ್ದೆ. ಈಗ ಗಿರಾಕಿಗಳು ನನ್ನ ಜನ್ಮ ಜಾಲಾಡ್ತಾರೆ. ಮತ್ತೆ ಹೀಗಾದ್ರೆ ನಾನು ಬೇರೆ ಕಡೆ ನೋಡ್ಕೋಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ.”

ನನ್ನ ಹೆಂಡತಿ ಒಂದು ಮಾರು ದೂರದಲ್ಲಿ ಕೂತಿದ್ದಳು. ಅವರ ಮುಖ ನೋಡಿ ನಕ್ಕಳು.

“ಬಿಸಿಲಲ್ಲಿ ಬಂದಿದ್ದೀರಿ. ನೀರು ಕೊಡ್ಲಾ?” ಎಂದಳು.

ಅಂಗಡಿಯವರು ತಲೆ ತಗ್ಗಿಸಿದರು. ಬೇಡ ಎಂದು ಕೈಯಾಡಿಸಿ ಹೊರಟುಹೋದರು.

ನಮ್ಮದು ಮಡಕೆ ಮಾಡುವ ಮನೆ. ತಿಗರಿ ತಿರುಗಿಸುವ ಕೆಲಸ ಮೊದಲು ನನ್ನದಿತ್ತು, ಈಗ ಮಗನದು. ಸುಟ್ಟ ಮಡಕೆಗಳನ್ನು ಆವಿಗೆಯಿಂದ ತೆಗೆದ ಮೇಲೆ ಒಂದೊಂದನ್ನೂ ಎತ್ತಿ, ಬೆರಳ ಗೆಣ್ಣಿನಿಂದ ತಟ್ಟಿ, ಸದ್ದು ನೋಡುವ ಕೆಲಸ ನನ್ನ ಹೆಂಡತಿಯದು. ಗಟ್ಟಿ ಮಡಕೆ ಖಣ್ ಎನ್ನುತ್ತದೆ, ಆಮೇಲೆ ಸದ್ದಿನ ಸಣ್ಣ ಎಳೆಯೊಂದನ್ನು ಹಿಂದೆ ಬಿಡುತ್ತದೆ. ಕೂದಲಿನಷ್ಟು ಒಡಕಿದ್ದರೂ ಆ ಎಳೆ ಇರುವುದಿಲ್ಲ, ಸದ್ದು ಬೊದ್ದ್ ಎಂದು ಅಲ್ಲೇ ಕೂತುಬಿಡುತ್ತದೆ. ಮದುವೆಯಾಗಿ ಬಂದ ಹೊಸತರಲ್ಲಿ ನನ್ನ ತಾಯಿ ಇವಳ ಕಣ್ಣಿಗೆ ಬಟ್ಟೆ ಕಟ್ಟಿ ಈ ಕೆಲಸ ಕಲಿಸಿದ್ದರು. ಯಾರನ್ನೂ ಹೊಗಳುವ ಅಭ್ಯಾಸ ಅವರಿಗಿರಲಿಲ್ಲ. ಆದರೂ ಪಕ್ಕದ ಮನೆಯವರ ಹತ್ತಿರ ಒಮ್ಮೆ, “ಹುಡುಗಿ ಕಿವಿ ನನ್ನದಕ್ಕಿಂತ ಚುರುಕು” ಎಂದದ್ದು ನನಗೆ ಇನ್ನೂ ನೆನಪಿದೆ.

ಅಂಥ ಕಿವಿ ಒಂದೇ ದಿನದಲ್ಲಿ ಹೋಗಲಿಲ್ಲ. ಮೊದಲು ಹಕ್ಕಿಗಳ ಸದ್ದು ಹೋಯಿತು. ಮರದಲ್ಲಿ ಹಕ್ಕಿಗಳೇ ಇಲ್ಲ ಎಂದಳು. ಆಮೇಲೆ ಮಕ್ಕಳ ಮಾತು, ಹೆಂಗಸರ ಮಾತು. ಎಲ್ಲರೂ ಯಾಕೆ ಬಾಯೊಳಗೇ ಗೊಣಗುತ್ತಾರೆ ಎಂದು ರೇಗಿದಳು. ವಯಸ್ಸಾದ ಕಿವಿ ಹಾಗೆಯೇ. ತಪ್ಪು ತನ್ನದೆಂದು ಅದಕ್ಕೆ ಗೊತ್ತಾಗುವುದಿಲ್ಲ.

ಅಂಗಡಿಯವರು ಹೋದ ಮೇಲೆ ಮಗ ಗಟ್ಟಿಯಾಗಿ ಹೇಳಿದ, “ಅಮ್ಮಾ, ಇನ್ನು ನೀನು ಆರಾಮಾಗಿ ಕೂತ್ಕೋ. ಸದ್ದು ನೋಡೋದನ್ನ ಇವಳು ನೋಡ್ಕೊಳ್ತಾಳೆ.”

ಇವಳು ಎಂದರೆ ಅವನ ಹೆಂಡತಿ, ನಮ್ಮ ಸೊಸೆ. ಅವಳು ಮಣ್ಣಿನ ಕೈಯಲ್ಲೇ ನಿಂತಿದ್ದಳು.

“ಗಂಟಲು ಹರ್ಕೋಬೇಡ, ಕೇಳುತ್ತೆ,” ಎಂದಳು ನನ್ನ ಹೆಂಡತಿ.

“ಅಂಗಡಿಯವರು ಏನು ಹೇಳಿದ್ರು, ಹೇಳು ನೋಡೋಣ?” ಎಂದ ಮಗ.

ಅವಳು ನನ್ನ ಕಡೆ ನೋಡಿದಳು. ನಾನು ಹೂಜಿಯ ತಳ ತೋರಿಸಿದೆ. ಬೆರಳಿಟ್ಟು ಸವರಿದಳು. ಬೆರಳು ಒದ್ದೆಯಾಯಿತು.

“ನಾನು ನೋಡಿದ್ದಾ ಇದು?”

ನಾನು ಹೌದೆಂದು ತಲೆಯಾಡಿಸಿದೆ. ಆ ಉತ್ತರಕ್ಕೆ ಕಿವಿ ಬೇಕಾಗಿರಲಿಲ್ಲ.

“ಸರಿ ಬಿಡಿ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ,” ಎಂದು ಎದ್ದು ಒಳಗೆ ಹೋದಳು.

ಅವಳಿಗೆ ಅದು ಬರೀ ಕೆಲಸವಾಗಿರಲಿಲ್ಲ. ಈ ಮನೆಯಲ್ಲಿ ಅವಳ ಮಾತಿಗೆ ಎದುರು ಮಾತಿಲ್ಲದ ಜಾಗವೆಂದರೆ ಅದೊಂದೇ. ಹೀಗಾಗಿ ನಾನು ಮಗನಿಗೆ ಹೇಳಿದೆ, “ಇನ್ನೊಂದು ಆವಿಗೆ ನೋಡೋಣ ತಡಿ.” ಅವನು, “ಅದೂ ಹೀಗೇ ಆದ್ರೆ ಅಂಗಡಿಯವರು ಕೈ ಬಿಡ್ತಾರೆ ಅಪ್ಪಾ,” ಎಂದ. ಅವನು ಹೇಳಿದ್ದೂ ಸುಳ್ಳಲ್ಲ.

ಮರುದಿನ ನನ್ನ ಸ್ನೇಹಿತ ಹೋಲ್ಡಾನ್ ಬಂದರು. ಅವರು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಜೀವಮಾನವೆಲ್ಲಾ ‘ಹೋಲ್ಡಾನ್, ಹೋಲ್ಡಾನ್’ ಎಂದು ಕೂಗಿ ಕೂಗಿ ಅದೇ ಹೆಸರಾಗಿ ಉಳಿಯಿತು. ಅವರ ಹೆಂಡತಿಯೂ ಈಗ ಹಾಗೇ ಕರೆಯುತ್ತಾರೆ. ವಿಷಯ ಕೇಳಿ, ತಮ್ಮ ಕಿವಿಯಿಂದ ಕಡಲೆಬೀಜದಷ್ಟು ಚಿಕ್ಕದೊಂದನ್ನು ತೆಗೆದು ಅಂಗೈ ಮೇಲಿಟ್ಟು ತೋರಿಸಿದರು.

“ನೋಡಿ ಅಕ್ಕ, ಇದು ಕಿವಿ ಮಿಷನ್ನು. ನಾನೇ ತರಿಸ್ಕೊಂಡು ನಾನೇ ಹೊಂದಿಸ್ಕೊಂಡೆ. ಫೋನಲ್ಲಿ ಒಂದೊಂದೇ ಸದ್ದು ಬರುತ್ತೆ. ಕೇಳಿದ್ರೆ ಒತ್ತಬೇಕು, ಕೇಳದಿದ್ರೆ ಸುಮ್ನಿರಬೇಕು. ಅದೇ ಕಿವಿ ಅಳೆದು ಅದೇ ಹೊಂದ್ಕೊಳ್ಳುತ್ತೆ. ಸಾಲದಿದ್ರೆ ನಾವೇ ಜಾಸ್ತಿ ಕಮ್ಮಿ ಮಾಡ್ಕೋಬಹುದು.”

“ಕಿವೀಲಿ ಸಿಕ್ಕಿಸ್ಕೊಂಡು ಓಡಾಡಿದ್ರೆ ಜನ ಮುದುಕಿ ಅಂತಾರೆ.”

“ಈಗೇನು ಎಳೇ ಹುಡುಗಿ ಅಂತಿದ್ದಾರಾ?”

ಅವಳಿಗೂ ನಗು ಬಂತು. “ಹೋಗ್ಲಿ, ನಿಮ್ಮ ಹೆಂಡತಿ ಹೇಳಿದ್ದೆಲ್ಲ ಕೇಳುತ್ತಾ?”

“ಅದೇ ನೋಡಿ ತೊಂದರೆ ಆಗಿರೋದು. ಈಗ ಕೇಳ್ಲಿಲ್ಲ ಅನ್ನೋ ಹಾಗೂ ಇಲ್ಲ.”

ಮಗ ಅಂಥದ್ದೇ ಒಂದು ಜೊತೆ ತರಿಸಿದ. ಅಂದು ಕೆಲಸದ ಗಡಿಬಿಡಿ. ಮಡಕೆ ಮನೆಯಲ್ಲೇ ಅವಳನ್ನು ಕೂರಿಸಿ ಫೋನು ಕೊಟ್ಟ. ಪಕ್ಕದಲ್ಲಿ ತಿಗರಿಯ ಮೋಟಾರು ಗುಂಯ್ ಎನ್ನುತ್ತಿತ್ತು. ಫೋನಿನ ಸದ್ದು ಬಂದಾಗ ಒತ್ತಿದಳು, ಬಾರದಿದ್ದಾಗಲೂ ಅನುಮಾನದಲ್ಲಿ ಒಂದೆರಡು ಸಲ ಒತ್ತಿದಳು. ಅದು ಮುಗಿಯಿತು. ಮಗನ ಮಾತು ಸ್ವಲ್ಪ ಸ್ಪಷ್ಟವಾಯಿತು ಎಂದಳು. ಆದರೆ ಅವಳಿಗೆ ಬೇಕಿದ್ದದ್ದು ಮಾತಲ್ಲ. ಒಳಗಿನಿಂದ ಒಂದು ಹೂಜಿ ತಂದಳು. ಅದು ಗಟ್ಟಿ ಹೂಜಿ, ಎಷ್ಟೋ ಕಾಲ ನೀರು ತುಂಬಿಟ್ಟು ಬಳಸಿದ್ದು. ತೊಡೆಯ ಮೇಲಿಟ್ಟು ತಟ್ಟಿದಳು.

“ಇನ್ನೂ ಏರಿಸೋ,” ಎಂದಳು ಮಗನಿಗೆ. ತಟ್ಟಿದಳು. “ಆ ಸಣ್ಣ ಸದ್ದು ಬರ್ತಾ ಇಲ್ಲ. ಇನ್ನೂ.” ಮತ್ತೆ ತಟ್ಟಿದಳು.

ಹಾಗೆ ಏರಿಸುತ್ತಾ ಏರಿಸುತ್ತಾ ಒಂದು ಹಂತದಲ್ಲಿ ಅವಳ ಮುಖ ಅರಳಿತು. ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ತಟ್ಟಿದಳು.

“ಬಂತು ನೋಡ್ರೀ. ನಿಮ್ಮಮ್ಮ ಕಲಿಸಿದಾಗ ಹೀಗೇ ಕೇಳ್ತಿತ್ತು. ಇದೇ ಸದ್ದು.”

ನಾವೆಲ್ಲ ಗೆದ್ದೆವೆಂದುಕೊಂಡೆವು.

ಎರಡು ದಿನದಲ್ಲೇ ಮನೆಯೊಳಗೆ ಕಷ್ಟ ಶುರುವಾಯಿತು. ತಟ್ಟೆ ಇಟ್ಟರೆ ಬೆಚ್ಚುವಳು. ಕಾಗದ ಮಡಿಸಿದರೆ ಕಿವಿ ಮುಚ್ಚಿಕೊಳ್ಳುವಳು. ಕಿವಿಯ ಹತ್ತಿರ ಕೈ ಹೋದರೆ ಮಿಷನ್ ಕೂಯ್ ಎಂದು ಕೂಗುತ್ತಿತ್ತು. ಊಟಕ್ಕೆ ಎಲ್ಲರೂ ಒಟ್ಟಿಗೆ ಕೂತು ಮಾತಾಡಿದರೆ ಗದ್ದಲವಷ್ಟೇ, ಒಂದು ಮಾತೂ ಬಿಡಿಸಿ ಕೇಳದು. ಆದರೂ ಹಲ್ಲು ಕಚ್ಚಿ ಹಾಕಿಕೊಂಡಳು, ಆವಿಗೆಗೋಸ್ಕರ.

ಆವಿಗೆ ಬಿಚ್ಚಿದೆವು. ಅವಳು ಒಂದೊಂದನ್ನೇ ತಟ್ಟಿದಳು. ಖಣ್, ಖಣ್, ಖಣ್. “ಈ ಸಲ ಎಲ್ಲಾ ಬಂಗಾರ,” ಎಂದಳು. ಒಂದನ್ನೂ ಬೇರೆ ಇಡಲಿಲ್ಲ. ನನಗೆ ಅಲ್ಲೇ ಅನುಮಾನ ಬಂತು. ಯಾವ ಕುಂಬಾರನ ಆವಿಗೆಯೂ ಒಂದು ಒಡಕಿಲ್ಲದೆ ಬಿಚ್ಚುವುದಿಲ್ಲ. ಸೊಸೆ ಸುಮ್ಮನೆ ಹಿಂದಿನಿಂದ ಬಂದು ನಾಲ್ಕಾರು ಹೂಜಿಗಳನ್ನು ತಟ್ಟಿ, ಎರಡನ್ನು ಪಕ್ಕಕ್ಕಿಟ್ಟು, ನೀರು ತುಂಬಿದಳು. ಎರಡೂ ಸೋರಿದವು.

ಅಂಗಡಿಯವರಿಗೆ ಕಳಿಸುವ ಮೊದಲೇ ಗೊತ್ತಾಯಿತೆಂಬುದಷ್ಟೇ ಸಮಾಧಾನ. ನನ್ನ ಹೆಂಡತಿ ಎರಡೂ ಮಿಷನ್ ಕಿತ್ತು ಡಬ್ಬಿಗೆ ಹಾಕಿ ಮುಚ್ಚಿದಳು.

“ಮಿಷನ್ ಹಾಕ್ಕೊಂಡೂ ಹೀಗಾಯ್ತು ಅಂದ್ಮೇಲೆ ಮುಗೀತು. ಇನ್ನು ನನ್ನ ಕರೀಬೇಡಿ.”

ಆಮೇಲೆ ಅವಳು ಆವಿಗೆಯ ಕಡೆ ಬರಲಿಲ್ಲ. ಊಟವನ್ನೂ ಎಲ್ಲರದ್ದೂ ಆದ ಮೇಲೆ ಮಾಡತೊಡಗಿದಳು. ಕೇಳದವರಿಗೆ ಜನರ ನಡುವೆ ಕೂತಾಗಲೇ ಹೆಚ್ಚು ಒಂಟಿತನ.

ಕೊನೆಗೆ ಬಾಯಿ ಬಿಟ್ಟವಳು ಸೊಸೆ. ಅತ್ತೆಯ ಎದುರಿಗೆ, ಮುಖಕ್ಕೆ ಮುಖ ಕೊಟ್ಟು ಕೂತಳು. ಕೂಗಲಿಲ್ಲ. ನಿಧಾನವಾಗಿ ಹೇಳಿದಳು.

“ಅತ್ತೆ, ನನಗೆ ಹೂಕುಂಡದ ಸದ್ದು ಗೊತ್ತು, ಹೂಜಿದು ಅರ್ಧ ಗೊತ್ತು. ದೊಡ್ಡ ಗುಡಾಣದ್ದು ಏನೂ ಗೊತ್ತಿಲ್ಲ. ನೀವು ಹೀಗೆ ಮೂಲೆ ಹಿಡಿದ್ರೆ ನನಗೆ ಯಾರು ಕಲಿಸ್ತಾರೆ? ನಿಮ್ಮ ಮಗನಿಗೆ ಬರೀ ತಿಗರಿ ಗೊತ್ತು. ಮಾವನಿಗೆ ಅದೂ ಮರ್ತುಹೋಗಿದೆ.”

“ನನ್ನನ್ಯಾಕೆ ಎಳೀತೀಯಮ್ಮಾ ನಡುವೆ?” ಎಂದೆ.

“ಆಸ್ಪತ್ರೇಲಿ ಕಿವಿ ತೋರಿಸೋಣ ಅತ್ತೆ. ಒಂದೇ ಸಲ. ಆಗಲ್ಲ ಅಂದ್ರೆ ನಾನು ಮತ್ತೆ ಕೇಳಲ್ಲ.”

“ಹೋಲ್ಡಾನ್‌ಗೆ ಆಸ್ಪತ್ರೆ ಇಲ್ದೇ ಸರಿಹೋಯ್ತಲ್ಲ?”

ಹೋಲ್ಡಾನ್ ಅಲ್ಲೇ ಕೂತಿದ್ದರು. ತಲೆ ಕೆರೆದುಕೊಂಡರು. “ಅಕ್ಕ, ಒಂದು ಮಾತು ಹೇಳೋದು ಬಿಟ್ಟೆ. ಅದಕ್ಕೂ ಮೊದಲು ನಾನು ಕಿವಿ ಡಾಕ್ಟರಿಗೆ ತೋರಿಸಿದ್ದೆ. ಕಿವಿ ಒಳಗೆ ತೊಂದರೆ ಏನಿಲ್ಲ, ಎರಡೂ ಒಂದೇ ಸಮ ಸ್ವಲ್ಪ ಮಂದ ಆಗಿದೆ, ಇದನ್ನ ನೀವೇ ಹೊಂದಿಸ್ಕೊಂಡು ನೋಡಬಹುದು ಅಂದಿದ್ರು. ಮಲಗೋ ಕೋಣೇಲಿ ಬಾಗಿಲು ಹಾಕ್ಕೊಂಡು ಹೊಂದಿಸಿದೆ. ನಿಮ್ಮನ್ನ ಮೊದಲ ಸ್ಟಾಪು ಬಿಟ್ಟು ಎರಡನೇ ಸ್ಟಾಪಲ್ಲಿ ಬಸ್ಸು ಹತ್ತಿಸಿಬಿಟ್ಟೆ.”

“ಟಿಕೆಟ್ ಕೊಟ್ಟಿದ್ದು ಮಾತ್ರ ಪೂರ್ತಿದು,” ಎಂದಳು ನನ್ನ ಹೆಂಡತಿ. ಆದರೆ ಹೊರಡಲು ಒಪ್ಪಿದಳು.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಚಿಕ್ಕ ದೀಪ ಹಿಡಿದು ಕಿವಿಯೊಳಗೆ ನೋಡಿದರು. ಎಡಗಿವಿಯಲ್ಲಿ ಗುಗ್ಗೆಯೂ ಮಣ್ಣಿನ ಧೂಳೂ ಸೇರಿ ಬಿರಡೆಯ ಹಾಗೆ ಗಟ್ಟಿಯಾಗಿ ಕೂತಿತ್ತು.

“ಪಿನ್ ಹಾಕಿ ಕೆರೀತಿದ್ರಾ ಅಮ್ಮಾ?”

ನೀನೇ ಹೇಳಿದ್ದಾ ಎಂಬಂತೆ ಅವಳು ಸೊಸೆಯನ್ನು ನೋಡಿದಳು. ಸೊಸೆ ಛಾವಣಿ ನೋಡಿದಳು.

“ಪಿನ್ನು, ಕಡ್ಡಿ, ಬಿಸಿ ಎಣ್ಣೆ, ಏನೂ ಬೇಡ. ಕೆರೆದಷ್ಟೂ ಒಳಗೆ ತಳ್ಳಿದ ಹಾಗೆ.” ಔಷಧದ ಹನಿ ಕೊಟ್ಟು, ಕೆಲವು ದಿನ ಬಿಟ್ಟು ಬರಹೇಳಿ, ಗುಗ್ಗೆ ತೆಗೆದರು. ಅಷ್ಟಾದರೂ ಎಡಗಿವಿ ಬಲಗಿವಿಗಿಂತ ಮಂದವೇ ಇತ್ತು. “ಒಂದು ಕಿವಿ ಇನ್ನೊಂದಕ್ಕಿಂತ ತುಂಬಾ ಮಂದ ಅಂದ್ರೆ ಕಾರಣ ನೋಡಲೇಬೇಕು,” ಎಂದು ಬೇರೆ ಪರೀಕ್ಷೆಯನ್ನೂ ಮಾಡಿಸಿದರು. ಹೆದರುವಂಥದ್ದು ಏನೂ ಇಲ್ಲವೆಂದು ತಿಳಿದ ಮೇಲೆ ಕಿವಿ ಪರೀಕ್ಷೆಯವರ ಹತ್ತಿರ ಕಳಿಸಿದರು.

ಕೇಳುವ ಶಕ್ತಿಯನ್ನು ಅಳೆದು, ಮಿಷನ್ ಹೊಂದಿಸಿ ಕೊಡುವುದನ್ನೇ ಓದಿದ ಹೆಣ್ಣುಮಗಳು ಅವರು. ಸದ್ದೇ ಬಾರದ ಕೋಣೆಯಲ್ಲಿ ಕೂರಿಸಿ, ಒಂದೊಂದೇ ಕಿವಿಯನ್ನು ಪರೀಕ್ಷೆ ಮಾಡಿದರು. ಆಮೇಲೆ ನಮ್ಮ ಡಬ್ಬಿಯನ್ನು ತೆರೆದು ನೋಡಿದರು.

“ಮಿಷನ್ ಕೆಟ್ಟದ್ದಲ್ಲ. ಇದನ್ನ ಹೇಗೆ ಹೊಂದಿಸಿದ್ರಿ ಅಮ್ಮ?”

“ಹೂಜಿ ತಟ್ಟಿ.”

ಅವರಿಗೆ ಅರ್ಥವಾಗಲಿಲ್ಲ. ನನ್ನ ಹೆಂಡತಿ ವಿವರಿಸಿ ಹೇಳಿದಳು. ಅವರು ಪೆನ್ನು ಕೆಳಗಿಟ್ಟು ಕೇಳಿದರು.

“ಒಡಕು ಹೂಜಿ ತಟ್ಟಿ ನೋಡಿದ್ರಾ?”

“ಒಡಕು ಯಾಕೆ ತಟ್ಟಲಿ? ಸದ್ದು ಕೂಡಿಸೋಕೆ ಗಟ್ಟಿದೇ ಬೇಕಲ್ವಾ?”

“ಅಲ್ಲೇ ಆಗಿರೋದು ಅಮ್ಮ. ನಿಮಗೆ ನೆನಪಿರೋ ಸದ್ದಿಗೆ ಮಿಷನ್ ಹೊಂದಿಸಿದ್ರಿ, ಈಗಿನ ಕಿವಿಗೆ ಹೊಂದಿಸಲಿಲ್ಲ. ಅಷ್ಟು ಏರಿಸಿದ್ರೆ ಗಟ್ಟಿದೂ ಖಣ್ ಅನ್ನುತ್ತೆ, ಒಡಕೂ ಖಣ್ ಅನ್ನುತ್ತೆ. ಮೇಲಾಗಿ ಪಕ್ಕದಲ್ಲಿ ಮೋಟಾರು, ಕಿವೀಲಿ ಗುಗ್ಗೆ. ಅಳತೆಯೇ ಸರಿ ಬಂದಿಲ್ಲ.”

“ಹಾಗಾದ್ರೆ ತಾವೇ ಹೊಂದಿಸ್ಕೊಳ್ಳೋ ಮಿಷನ್ನು ಬರೀ ಮೋಸವಾ? ನಮ್ಮಪ್ಪನ ಸ್ನೇಹಿತರಿಗೆ ಒಗ್ಗಿದೆಯಲ್ಲ?” ಎಂದು ಮಗ ಕೇಳಿದ.

“ಹಾಗನ್ನಬೇಡಿ. ವಯಸ್ಸಿಗೆ ತಕ್ಕ ಹಾಗೆ ಎರಡೂ ಕಿವಿ ಸ್ವಲ್ಪ ಮಂದ ಆದವರಿಗೆ ಅದು ಚೆನ್ನಾಗೇ ಒಗ್ಗಬಹುದು. ಫೋನು ಬಳಸೋಕೆ ಬರಬೇಕು, ಮೊದಲು ಕಿವಿ ತೋರಿಸಿರಬೇಕು, ಅಷ್ಟೇ. ನಿಮ್ಮ ಸ್ನೇಹಿತರಿಗೆ ಒಗ್ಗಿದ್ದು ಅದಕ್ಕೇ. ಆದ್ರೆ ಅಮ್ಮನ ಎಡಗಿವಿಗೆ ಈ ಮಿಷನ್ ಕೊಡೋ ಶಕ್ತಿ ಸಾಲದು. ಎರಡು ಕಿವಿಗೂ ಬೇರೆ ಬೇರೆ ಅಳತೆ ಬೇಕು. ಇದು ನುರಿತವರು ಕೂತು ಮಾಡಬೇಕಾದ ಕೆಲಸ.”

ಅವಳು ಸೆರಗಿನ ತುದಿಯನ್ನು ಸುತ್ತುತ್ತಾ ಕೇಳಿದಳು, “ಮೇಡಂ, ಮಾತು ಕೇಳದಿದ್ರೆ ಹೇಗೋ ಸುಧಾರಿಸ್ತೀನಿ. ಹೂಜಿ ಕೇಳುತ್ತಾ?”

“ಮುಂದಿನ ಸಲ ಬರುವಾಗ ಹೂಜಿಗಳನ್ನೇ ತನ್ನಿ. ಗಟ್ಟಿದೂ ಒಡಕೂ ಎರಡೂ.”

ತಂದೆವು. ಹೊರಗೆ ಬೆಂಚಿನ ಮೇಲಿದ್ದ ಒಬ್ಬ ಅಜ್ಜ, “ಏನಮ್ಮಾ, ಆ ಹೂಜಿಗೂ ಕಿವಿ ಕೇಳ್ಸಲ್ವಾ?” ಎಂದ. “ಅದಕ್ಕೆ ಕೇಳುತ್ತೆ, ಉತ್ತರ ಕೊಡಲ್ಲ. ನಮ್ಮ ಮನೆಯವರ ಥರಾನೇ,” ಎಂದಳು ಇವಳು.

ಒಳಗೆ ಪರೀಕ್ಷೆಯವರು ಹೊಸ ಮಿಷನ್ ಹಾಕಿ, ದಾರದಷ್ಟು ತೆಳುವಾದ ಮೆತ್ತನೆಯ ನಳಿಕೆಯನ್ನು ಕಿವಿಯೊಳಗಿಟ್ಟು, ಎಷ್ಟು ಸದ್ದು ಒಳಗೆ ತಲುಪುತ್ತಿದೆ ಎಂದು ಅಳೆದರು. ಮೊದಲು ಮಾತಿಗೆ ಹೊಂದಿಸಿದರು. ಆಮೇಲೆ ಒಂದು ವಿಷಯ ಹೇಳಿದರು. ತಟ್ಟೆ ಬಡಿದಂಥ, ಬಾಗಿಲು ಹಾಕಿದಂಥ ಸದ್ದನ್ನು ಮಿಷನ್ ತಾನಾಗಿಯೇ ತಗ್ಗಿಸುತ್ತದಂತೆ, ಕಿವಿಗೆ ಹಿಂಸೆಯಾಗದಿರಲಿ ಎಂದು. ಅದಕ್ಕೆ ಹೂಜಿಯೂ ತಟ್ಟೆಯೂ ಒಂದೇ. ಆದ್ದರಿಂದ ಆ ತಗ್ಗಿಸುವಿಕೆಯನ್ನು ನಿಲ್ಲಿಸಿ, ಹೂಜಿಗೇ ಎಂದು ಎರಡನೇ ಹೊಂದಿಕೆಯೊಂದನ್ನು ಇಟ್ಟರು. ಗುಂಡಿ ಒತ್ತಿದರೆ ಮಾತಿನದು ಹೋಗಿ ಹೂಜಿಯದು ಬರುತ್ತದೆ.

ಆಮೇಲೆ ಅವಳ ಬೆನ್ನ ಹಿಂದೆ ನಿಂತು ಒಂದು ಹೂಜಿ ತಟ್ಟಿದರು. ಇನ್ನೊಂದು ತಟ್ಟಿದರು.

ನನ್ನ ಹೆಂಡತಿ ಕಣ್ಣು ಮುಚ್ಚಿಕೊಂಡಳು. “ಹಳೇ ಸದ್ದಲ್ಲ ಇದು,” ಎಂದಳು. “ಆದ್ರೆ ಎರಡೂ ಬೇರೆ ಬೇರೆ. ಎರಡನೇದು ಒಡಕು.”

ಹೌದು, ಎರಡನೆಯದೇ ಒಡಕು.

“ಇದು ಹೊಸ ಸದ್ದು ಅಮ್ಮ, ಹೊಸದಾಗೇ ಕಲೀಬೇಕು,” ಎಂದರು ಪರೀಕ್ಷೆಯವರು. “ಮೊದಲು ಮನೆಯೊಳಗೆ, ಒಬ್ಬರ ಜೊತೆ ಮಾತಾಡ್ತಾ ಹಾಕ್ಕೊಳ್ಳಿ. ದಿನಾ ಸ್ವಲ್ಪ ಸ್ವಲ್ಪ ಹೊತ್ತು ಜಾಸ್ತಿ ಮಾಡಿ. ಕಿರಿಕಿರಿ ಆದ್ರೆ ಡಬ್ಬಿಗೆ ಹಾಕಬೇಡಿ, ನನ್ನ ಹತ್ರ ಬನ್ನಿ. ಒಂದೇ ಸಲಕ್ಕೆ ಯಾರಿಗೂ ಸರಿಯಾಗಲ್ಲ.”

ಸರಿಯಾಗಲೂ ಇಲ್ಲ. ಮತ್ತೆ ಹೋದೆವು, ಇಷ್ಟು ಇಳಿಸಿದರು, ಅಷ್ಟು ಏರಿಸಿದರು. ಮನೆಯಲ್ಲಿ ಸೊಸೆ ಅವಳ ಜೊತೆ ಕೂತು ಹೂಜಿ ತಟ್ಟುತ್ತಿದ್ದಳು. ಗಟ್ಟಿ ಯಾವುದು, ಒಡಕು ಯಾವುದು ಎಂದು ಅತ್ತೆ ಹೇಳಬೇಕು. ತಪ್ಪಿದರೆ ಸೊಸೆ ನಗುವಳು. ನಕ್ಕರೆ ಅತ್ತೆ ಬೈಯುವಳು. ಮನೆಗೆ ಮತ್ತೆ ಸದ್ದು ಬಂತು.

ಮುಂದಿನ ಆವಿಗೆ ಬಿಚ್ಚಿದಾಗ ಇಬ್ಬರೂ ಕೂತರು. ಅತ್ತೆ ತಟ್ಟಿ ಸೊಸೆಗೆ ಕೊಡುವಳು, ಸೊಸೆ ಮತ್ತೆ ತಟ್ಟುವಳು. ಇಬ್ಬರ ಮಾತೂ ಕೂಡದ ಹೂಜಿಗಳನ್ನು ಬೇರೆಯಿಟ್ಟು ನೀರು ತುಂಬಿದೆವು. ಎಲ್ಲದರಲ್ಲೂ ನನ್ನ ಹೆಂಡತಿಯೇ ಗೆದ್ದಳು ಎಂದರೆ ಕೇಳಲು ಚೆಂದ. ಹಾಗೇನೂ ಆಗಲಿಲ್ಲ. ಕೆಲವುಗಳಲ್ಲಿ ಅವಳು ಸರಿ, ಕೆಲವುಗಳಲ್ಲಿ ಸೊಸೆ ಸರಿ. ಆದರೆ ದೊಡ್ಡ ಗುಡಾಣದ ಕುತ್ತಿಗೆಯ ಬುಡದಲ್ಲಿದ್ದ ಒಡಕು ಸೊಸೆಗೆ ತಿಳಿಯಲೇ ಇಲ್ಲ. “ಹೊಟ್ಟೆ ಮೇಲೆ ತಟ್ಟಿದ್ರೆ ಅದು ಸುಳ್ಳು ಹೇಳುತ್ತೆ ಕಣೇ, ಇಲ್ಲಿ ತಟ್ಟು,” ಎಂದು ಅತ್ತೆ ಅವಳ ಕೈ ಹಿಡಿದು ತೋರಿಸಿದಳು.

ಮಗ ಅಂಗಡಿಯವರಿಗೆ ಫೋನು ಮಾಡಿದ. “ಸರಕು ರೆಡಿ. ಹೂಂ, ಅಮ್ಮಾನೇ ನೋಡಿದ್ದಾರೆ. ಇನ್ನು ಮುಂದೆಯೂ ಅವರೇ ನೋಡೋದು. ಜೊತೆಗೆ ಇವಳೂ ಇರ್ತಾಳೆ.”

ಅವನು ಅದನ್ನು ಕೂಗಿ ಹೇಳಲಿಲ್ಲ. ಆವಿಗೆಯ ಆ ಬದಿಯಲ್ಲಿದ್ದ ನನ್ನ ಹೆಂಡತಿ ತಲೆಯೆತ್ತಿ ನೋಡಿದಳು, ಮತ್ತೆ ಮುಂದಿನ ಮಡಕೆ ಎತ್ತಿಕೊಂಡಳು.

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯಲ್ಲೂ ಟೀವಿಯ ಸದ್ದು ಏರಿಸುತ್ತಾ ಹೋಗುವ ಒಬ್ಬ ಅಪ್ಪ ಇರಬಹುದು. ಕೇಳದೆಯೇ ಹೂಂ ಎನ್ನುವ ಒಬ್ಬ ಅತ್ತೆ ಇರಬಹುದು. ಅವರ ಮೇಲೆ ರೇಗಬೇಡಿ, ಅವರನ್ನು ಆಡಿಕೊಂಡು ನಗಬೇಡಿ. ಮೊದಲು ಕಿವಿಯನ್ನು ಡಾಕ್ಟರಿಗೆ ತೋರಿಸಿ. ಕಿವಿ ಸೋರುತ್ತಿದ್ದರೆ, ನೋಯುತ್ತಿದ್ದರೆ, ತಲೆ ಸುತ್ತುತ್ತಿದ್ದರೆ, ಒಂದು ಕಿವಿ ಮಾತ್ರ ಮಂದವಾಗಿದ್ದರೆ ಅಥವಾ ಒಂದೇ ಕಿವಿಯಲ್ಲಿ ಗುಂಯ್‌ಗುಡುತ್ತಿದ್ದರೆ ತಡಮಾಡಬೇಡಿ. ಇದ್ದಕ್ಕಿದ್ದಂತೆ ಕೇಳದಾದರಂತೂ ಅಂದೇ ಹೋಗಿ. ಎರಡೂ ಕಿವಿ ಸ್ವಲ್ಪ ಮಂದ, ಬೇರೆ ತೊಂದರೆಯಿಲ್ಲ ಎಂದಾದರೆ ತಾವೇ ಹೊಂದಿಸಿಕೊಳ್ಳುವ ಮಿಷನ್ ಪ್ರಯತ್ನಿಸಬಹುದು. ಅದನ್ನು ಸದ್ದಿಲ್ಲದ ಕೋಣೆಯಲ್ಲಿ, ಮನೆಯವರ ಮಾತು ಕೇಳುತ್ತಾ ಹೊಂದಿಸಿ. ಒಗ್ಗದಿದ್ದರೆ ವಾಪಸು ತೆಗೆದುಕೊಳ್ಳುತ್ತಾರೆಯೇ ಎಂದು ಕೊಳ್ಳುವ ಮೊದಲೇ ಕೇಳಿಕೊಳ್ಳಿ. ಹೆಚ್ಚು ಮಂದವಾದ ಕಿವಿಗೆ, ಒಂದೊಂದು ಒಂದೊಂದು ಥರ ಇರುವ ಕಿವಿಗಳಿಗೆ ನುರಿತವರ ಕೈಯೇ ಬೇಕು. ಖರ್ಚು ಹೆಚ್ಚೆನಿಸಿದರೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಏನಾದರೂ ಸಹಾಯ ಸಿಗುವುದೇ ಎಂದು ವಿಚಾರಿಸಿ, ಕೇಳುವುದಕ್ಕೆ ಸಂಕೋಚ ಬೇಡ.

ಇನ್ನೊಂದೇ ಮಾತು. ‘ಊಟಕ್ಕೆ ಬಾ’ ಎಂದು ಕೂಗಿ ಕರೆಯಬಹುದು. ‘ಇವತ್ತು ನಿನ್ನ ಮುಖ ಯಾಕೋ ಸಪ್ಪಗಿದೆ’ ಎಂದು ಕೂಗಿ ಕೇಳಲಾಗುವುದಿಲ್ಲ. ಮನೆಯ ಎಷ್ಟೋ ಮಾತುಗಳು ಮೆಲ್ಲಗೆ ಆಡುವಂಥವು. ಅವು ನಿಮ್ಮ ಹಿರಿಯರಿಗೆ ಇನ್ನೂ ಕೇಳಬೇಕೆಂಬ ಆಸೆ ನಿಮಗಿದ್ದರೆ, ಈ ವಾರವೇ ಅವರನ್ನು ಕರೆದುಕೊಂಡು ಹೊರಡಿ.